ಕರುಳಿನ ಉರಿಗೆ ಜಂತುಹುಳು ಮದ್ದಾದೀತೇ?

ನಮ್ಮ ಮನೆಯಲ್ಲಿ ಬೇಸಿಗೆ ರಜೆಯ ಮೊದಲ ಭಾನುವಾರ ಹರಳೆಣ್ಣೆಯ ದಿನ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಮಕ್ಕಳನ್ನೆಲ್ಲ ಸಾಲಾಗಿ ಕೂರಿಸಿ, ಬಿಸಿ ಕಾಫಿಗೆ ಎಣ್ಣೆ ಬೆರೆಸಿ, ಮೂಗು ಹಿಡಿದು ಕುಡಿಸುತ್ತಿದ್ದಳು ಅಜ್ಜಿ. ಮಧ್ಯಾಹ್ನದವರೆಗೆ ಹಿತ್ತಿಲಿಗೆ ಓಡಾಟ. ಆಮೇಲೆ ಮೆತ್ತಗಿನ ಅನ್ನ, ಮೆಣಸಿನ ಸಾರು. ಹೊಟ್ಟೆಯಲ್ಲಿ ಹುಳ ಇದ್ದರೆ ಮಗು ತಿಂದದ್ದೆಲ್ಲ ಹುಳದ ಪಾಲು ಎನ್ನುವುದು ಅವಳ ನಂಬಿಕೆ. ಅದು ಪೂರ್ತಿ ತಪ್ಪೂ ಆಗಿರಲಿಲ್ಲ. ಆ ಎಣ್ಣೆಯ ಜಾಗಕ್ಕೆ ಈಗ ಮಾತ್ರೆ ಬಂದಿದೆ. 2015ರಿಂದ ದೇಶದಲ್ಲಿ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನ ನಡೆಯುತ್ತಿದೆ. ಅಂಗನವಾಡಿ, ಶಾಲೆಗಳಲ್ಲಿ 1ರಿಂದ 19 ವರ್ಷದವರಿಗೆ 400 ಮಿಲಿಗ್ರಾಂ ಅಲ್ಬೆಂಡಜೋಲ್ ಅಗಿಸುತ್ತಾರೆ, ಎರಡು ವರ್ಷದೊಳಗಿನ ಮಕ್ಕಳಿಗೆ ಅರ್ಧ ಮಾತ್ರೆ.

ಹುಳುವನ್ನು ಓಡಿಸುವುದೇ ಆರೋಗ್ಯ ಎಂದು ಬೆಳೆದವಳಿಗೆ ಕಳೆದ ವರ್ಷ ಒಂದು ರಾತ್ರಿ ಚಿಕ್ಕಮ್ಮನ ಮಗನಿಂದ ಫೋನ್ ಬಂತು. ಎಂಟು ವರ್ಷದಿಂದ ಅಲ್ಸರೇಟಿವ್ ಕೊಲೈಟಿಸ್ ಎಂಬ ಕರುಳಿನ ಕಾಯಿಲೆ ಇರುವವನು ಅವನು. "ಅಕ್ಕಾ, ಕೊಕ್ಕೆಹುಳದ ಮರಿ ತರಿಸ್ಕೊಂಡು ಕೈಮೇಲೆ ಬಿಟ್ಕೋಬೇಕು ಅಂತಿದೀನಿ. ಹುಚ್ಚು ಅನ್ಸತ್ತಾ?"

ನನಗೆ ಹುಚ್ಚು ಅನಿಸಲಿಲ್ಲ. ತುಮಕೂರಿನಿಂದ ಬೆಂಗಳೂರಿನವರೆಗೆ ಹೆದ್ದಾರಿಯಲ್ಲಿ ಯಾವ ಬಂಕಿನ ಶೌಚಾಲಯ ತೆರೆದಿರುತ್ತದೆ ಎಂದು ಅವನಿಗೆ ಬಾಯಿಪಾಠ. ದಿನಕ್ಕೆ ಹತ್ತು ಹನ್ನೆರಡು ಸಲ, ರಕ್ತ ಬೆರೆತ ಭೇದಿ. ಮದುವೆ ಮನೆಗಳಿಗೆ ಹೋಗುವುದನ್ನೇ ಬಿಟ್ಟಿದ್ದಾನೆ. ಸ್ಟೆರಾಯ್ಡ್ ತೆಗೆದುಕೊಂಡಾಗ ಮುಖ ಊದುತ್ತದೆ, ನಿದ್ದೆ ಹೋಗುತ್ತದೆ. ನಿಲ್ಲಿಸಿದರೆ ರಕ್ತ ಮರಳುತ್ತದೆ. ಇಂಥವನು ಹುಳುವಿನ ಬಗ್ಗೆ ಯೋಚಿಸಿದರೆ ನಗುವ ಹಕ್ಕು ಆರೋಗ್ಯವಂತರಿಗಿಲ್ಲ. ಅವನಿಗೆ ಉತ್ತರ ಕೊಡಬೇಕೆಂದು ಓದಲು ಕೂತೆ. ಓದಿದಷ್ಟೂ ಎರಡು ವಿಷಯ ಒಟ್ಟೊಟ್ಟಿಗೆ ಗಟ್ಟಿಯಾದವು. ಹುಳುವಿನ ಹಿಂದೆ ನಿಜವಾದ ವಿಜ್ಞಾನವಿದೆ. ಆದರೆ ಅಂತರ್ಜಾಲದಲ್ಲಿ ಮಾರಾಟಕ್ಕಿರುವ ಹುಳುಮರಿಯ ಸೀಸೆಗೂ ಆ ವಿಜ್ಞಾನಕ್ಕೂ ನಡುವೆ ದೊಡ್ಡ ಕಂದಕವಿದೆ.

ಮೊದಲು ಕಾಯಿಲೆ. ಅಲ್ಸರೇಟಿವ್ ಕೊಲೈಟಿಸ್ ದೊಡ್ಡ ಕರುಳಿನ ಒಳಪದರದಲ್ಲಿ ಹುಣ್ಣು ಮಾಡುತ್ತದೆ. ಕ್ರೋನ್ಸ್ ಕಾಯಿಲೆ ಬಾಯಿಯಿಂದ ಗುದದವರೆಗೆ ಎಲ್ಲಿ ಬೇಕಾದರೂ ಬರಬಹುದು, ಕರುಳಿನ ಗೋಡೆಯನ್ನು ಆಳವಾಗಿ ಕೊರೆಯಬಹುದು. ಎರಡನ್ನೂ ಸಾಮಾನ್ಯವಾಗಿ ಆಟೊಇಮ್ಯೂನ್ ಕಾಯಿಲೆ, ಅಂದರೆ ದೇಹದ ಕಾವಲುಪಡೆ ದೇಹದ ಮೇಲೆಯೇ ತಿರುಗಿಬೀಳುವ ಕಾಯಿಲೆ ಎಂದು ಕರೆಯುತ್ತಾರೆ. ಇನ್ನೂ ಸರಿಯಾಗಿ ಹೇಳಬೇಕೆಂದರೆ, ಕರುಳಿನಲ್ಲಿ ಸುಮ್ಮನೆ ಬದುಕಿಕೊಂಡಿರುವ ಬ್ಯಾಕ್ಟೀರಿಯಾಗಳ ವಿರುದ್ಧ ರೋಗನಿರೋಧಕ ವ್ಯವಸ್ಥೆ ಮಿತಿಮೀರಿ ಸಿಟ್ಟಾಗುತ್ತದೆ, ಆ ಜಗಳದಲ್ಲಿ ಸುಡುವುದು ನಮ್ಮದೇ ಕರುಳು. ಇದರ ಒಂದು ಸ್ವಭಾವವನ್ನು ನೆನಪಿನಲ್ಲಿಡಬೇಕು. ಅದು ಏರುತ್ತದೆ, ತಾನಾಗಿಯೇ ಇಳಿಯುತ್ತದೆ, ಮತ್ತೆ ಏರುತ್ತದೆ. ಹುಳುವಿನ ಕಥೆಯೆಲ್ಲ ಇದೇ ಏರಿಳಿತದ ಮೇಲೆ ನಿಂತಿದೆ.

1989ರಲ್ಲಿ ಡೇವಿಡ್ ಸ್ಟ್ರಾಚನ್ ಎಂಬ ಬ್ರಿಟಿಷ್ ಸಾಂಕ್ರಾಮಿಕ ರೋಗ ತಜ್ಞ ಎರಡು ಪುಟದ ಒಂದು ಪ್ರಬಂಧ ಪ್ರಕಟಿಸಿದ. 1958ರ ಮಾರ್ಚ್‌ನಲ್ಲಿ ಹುಟ್ಟಿದ 17,414 ಬ್ರಿಟಿಷ್ ಮಕ್ಕಳನ್ನು 23 ವರ್ಷ ಹಿಂಬಾಲಿಸಿದ ಮಾಹಿತಿ ಅವನ ಮುಂದಿತ್ತು. ಅಣ್ಣ ಅಕ್ಕಂದಿರು ಹೆಚ್ಚಿದ್ದ ಮಕ್ಕಳಿಗೆ ಪರಾಗದ ಅಲರ್ಜಿ ಕಡಿಮೆ ಬಂದಿತ್ತು. ದೊಡ್ಡವರಿಂದ ಚಿಕ್ಕವರಿಗೆ ಅಂಟುವ ಸೋಂಕುಗಳೇ ರಕ್ಷಣೆ ಕೊಟ್ಟಿರಬಹುದೇ ಎಂದು ಅವನು ಕೇಳಿದ. ಇದರಿಂದ ಹುಟ್ಟಿದ್ದೇ ಸ್ವಚ್ಛತಾ ಸಿದ್ಧಾಂತ. ಮುಂದೆ ಗ್ರಹಾಮ್ ರೂಕ್ ಅದನ್ನು ಇನ್ನಷ್ಟು ಹರಿತಗೊಳಿಸಿ "ಹಳೆಯ ಗೆಳೆಯರು" ಎಂಬ ಮಾತು ತಂದ. ಊರುಗಳು ಬೆಳೆದ ಮೇಲೆ ಬಂದ ನೆಗಡಿ, ದಡಾರದಂಥ ಸೋಂಕುಗಳು ರಕ್ಷಣೆ ಕೊಡುವಂಥವಲ್ಲ ಎಂದ ಅವನು. ಮಣ್ಣಿನ ಸೂಕ್ಷ್ಮಜೀವಿಗಳು ಮತ್ತು ಕರುಳಿನ ಹುಳುಗಳಂಥ, ಮನುಷ್ಯನ ಜೊತೆ ಲಕ್ಷಾಂತರ ವರ್ಷ ಬಾಳಿದ ಜೀವಿಗಳು ನಮ್ಮ ಕಾವಲುಪಡೆಗೆ ತಾಳ್ಮೆ ಕಲಿಸುತ್ತಿದ್ದವು ಎಂದು ಅವನ ವಾದ.

ಹುಳು ತಾಳ್ಮೆ ಕಲಿಸುವುದು ನಮ್ಮ ಮೇಲಿನ ಪ್ರೀತಿಗಲ್ಲ. ಬ್ಯಾಕ್ಟೀರಿಯಾ ನಿಮಿಷಗಳಲ್ಲಿ ದ್ವಿಗುಣವಾಗಿ ಸಂಖ್ಯಾಬಲದಲ್ಲಿ ಗೆಲ್ಲುತ್ತದೆ. ಕೊಕ್ಕೆಹುಳು ಹಾಗಲ್ಲ. ಅದು ಕರುಳಿನೊಳಗೆ ಮರಿ ಮಾಡುವುದಿಲ್ಲ, ಬಂದಷ್ಟೇ ಹುಳು, ಅವೇ ವರ್ಷಗಟ್ಟಲೆ ಬದುಕಬೇಕು. ಕಣ್ಣಿಗೆ ಕಾಣುವಷ್ಟು ದೊಡ್ಡದಾದ ಜೀವಿಯೊಂದು ಅಷ್ಟು ಕಾಲ ಒಳಗೆ ಉಳಿಯಬೇಕೆಂದರೆ ಮನೆಯ ಯಜಮಾನನ ಸಿಟ್ಟನ್ನು ಇಳಿಸುತ್ತಲೇ ಇರಬೇಕು. ಅದಕ್ಕೆಂದೇ ಹುಳುಗಳು ಕೆಲವು ಪ್ರೋಟೀನುಗಳನ್ನು ಸುರಿಸುತ್ತವೆ. ಉರಿಯೂತವನ್ನು ತಣಿಸುವ ನಿಯಂತ್ರಕ ಟಿ-ಕೋಶಗಳು ಹೆಚ್ಚುತ್ತವೆ, ಐಎಲ್-10 ಎಂಬ ಶಮನಕಾರಿ ಸಂದೇಶ ಹೆಚ್ಚುತ್ತದೆ. ಇಲಿಗಳ ಕರುಳಿನ ಹುಳುವೊಂದು ಸಸ್ತನಿಗಳ ಟಿಜಿಎಫ್-ಬೀಟಾ ಎಂಬ ಶಮನಕಾರಿ ಪ್ರೋಟೀನಿನ ಕೆಲಸವನ್ನೇ ಮಾಡುವ, ಆದರೆ ರಚನೆಯಲ್ಲಿ ಅದಕ್ಕೆ ಸಂಬಂಧವೇ ಇಲ್ಲದ ಪ್ರೋಟೀನನ್ನು ಸ್ವತಃ ಕಟ್ಟಿಕೊಂಡಿದೆ ಎಂದು ಗ್ಲಾಸ್ಗೋದ ರಿಕ್ ಮೈಝಲ್ಸ್ ತಂಡ 2017ರಲ್ಲಿ ತೋರಿಸಿತು. ಇದನ್ನು ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಬೀಗದ ಕೈಯನ್ನು ಕದಿಯದೆ, ಬೀಗವನ್ನು ನೋಡಿ ನೋಡಿಯೇ ಬೇರೊಂದು ಕೈ ಮಾಡಿಕೊಂಡಿದೆ ಆ ಹುಳು.

ಇನ್ನು ತನ್ನ ಮೇಲೆ ತಾನೇ ಪ್ರಯೋಗ ಮಾಡಿಕೊಂಡವರು. ಅವರಲ್ಲಿ ಒಬ್ಬರ ಕಥೆ ವೈದ್ಯಕೀಯ ಪತ್ರಿಕೆಯಲ್ಲೇ ದಾಖಲಾಗಿದೆ. ಹೆಸರಿಲ್ಲದ ಆ ವ್ಯಕ್ತಿಗೆ 2003ರಲ್ಲಿ ತೀವ್ರ ಅಲ್ಸರೇಟಿವ್ ಕೊಲೈಟಿಸ್ ಪತ್ತೆಯಾಯಿತು. ಸ್ಟೆರಾಯ್ಡ್ ನಾಟಲಿಲ್ಲ. ಮುಂದಿನ ದಾರಿ ಇನ್ನೂ ಪ್ರಬಲ ಔಷಧ, ಇಲ್ಲವೇ ದೊಡ್ಡ ಕರುಳನ್ನೇ ತೆಗೆಸಿಕೊಳ್ಳುವುದು. ಅವನು ಥಾಯ್ಲೆಂಡಿಗೆ ಹೋದ. ಅಲ್ಲಿನ ಹನ್ನೊಂದು ವರ್ಷದ ಒಬ್ಬ ಹುಡುಗಿಯ ಮಲದಿಂದ ಬಂದ ಚಾಟಿಹುಳುವಿನ ಮೊಟ್ಟೆಗಳನ್ನು ಪಡೆದು, ತೊಳೆದು, ಬೆಳೆಸಿ, 2004ರ ಕೊನೆಗೆ 500 ಮೊಟ್ಟೆ ನುಂಗಿದ, ಮೂರು ತಿಂಗಳಾದ ಮೇಲೆ ಮತ್ತೆ 1000. 2005ರ ಮಧ್ಯದ ಹೊತ್ತಿಗೆ ಲಕ್ಷಣಗಳು ಬಹುಪಾಲು ಮಾಯವಾಗಿದ್ದವು. 2008ರಲ್ಲಿ ಕಾಯಿಲೆ ಮರಳಿತು. ಆಗ ಹುಳುಗಳ ಸಂಖ್ಯೆಯೂ ಇಳಿದಿತ್ತು. ಮತ್ತೆ 2000 ಮೊಟ್ಟೆ ನುಂಗಿದ, ಮತ್ತೆ ಇಳಿಯಿತು.

ಈ ಮನುಷ್ಯ ತನ್ನನ್ನು ಅಧ್ಯಯನ ಮಾಡಿ ಎಂದು ತಾನಾಗಿಯೇ ಪಿ'ಎಂಗ್ ಲೋಕ್ ಎಂಬ ರೋಗನಿರೋಧಕ ಶಾಸ್ತ್ರಜ್ಞನ ಬಳಿ ಹೋದ. ಆ ತಂಡ ವರ್ಷಗಳ ಕಾಲ ಅವನ ಕರುಳಿನ ಚೂರುಗಳನ್ನು ಹೋಲಿಸಿ ನೋಡಿ 2010ರಲ್ಲಿ ವರದಿ ಪ್ರಕಟಿಸಿತು. ಕಾಯಿಲೆ ಏರಿದ್ದಾಗಿನ ಕರುಳಿನಲ್ಲಿ ಐಎಲ್-17 ಎಂಬ ಉರಿಯೂತದ ಸಂದೇಶ ಹೊರಡಿಸುವ ಕೋಶಗಳು ಎದ್ದು ಕಂಡವು. ಹುಳು ನೆಲೆಸಿದ ಜಾಗದಲ್ಲಿ ಐಎಲ್-22 ಎಂಬ, ಒಳಪದರವನ್ನು ದುರಸ್ತಿ ಮಾಡುವ ಸಂದೇಶ ಹೊರಡಿಸುವ ಕೋಶಗಳು ಹೆಚ್ಚಿದ್ದವು. ಜೊತೆಗೆ ಲೋಳೆಯ ಉತ್ಪಾದನೆಯೂ ಹೆಚ್ಚಿತ್ತು. ಕೊಲೈಟಿಸ್ ಇದ್ದವರ ಕರುಳಿನಲ್ಲಿ ತೆಳ್ಳಗಾಗುವುದು ಇದೇ ಲೋಳೆಯ ಹಾಸು. ಹುಳುವನ್ನು ಹೊರದಬ್ಬಲು ದೇಹ ಲೋಳೆ ಸುರಿಸುತ್ತದೆ, ಆ ಲೋಳೆ ಬ್ಯಾಕ್ಟೀರಿಯಾಗಳನ್ನು ಗೋಡೆಯಿಂದ ದೂರ ಇಡುತ್ತದೆ, ಜಗಳದ ಕಾರಣವೇ ಕಡಿಮೆಯಾಗುತ್ತದೆ. ಎಷ್ಟು ಅಚ್ಚುಕಟ್ಟಾದ ವಿವರಣೆ! 2016ರಲ್ಲಿ ಇದೇ ಲೋಕ್ ಮತ್ತು ಕೆನ್ ಕ್ಯಾಡ್‌ವೆಲ್ ತಂಡ, ಕ್ರೋನ್ಸ್‌ಗೆ ಸಂಬಂಧಪಟ್ಟ ಜೀನ್ ಇಲ್ಲದ ಇಲಿಗಳಲ್ಲಿ ಹುಳು ಸೋಂಕು ಒಂದು ಬಗೆಯ ಉರಿಯೂತಕಾರಿ ಬ್ಯಾಕ್ಟೀರಿಯಾವನ್ನು ಹಿಂದಕ್ಕೆ ತಳ್ಳುತ್ತದೆ ಎಂದು ತೋರಿಸಿತು.

ನನ್ನ ತಮ್ಮ ಓದಿದ್ದು ಇಷ್ಟೇ. ಇಲ್ಲಿಗೆ ನಿಲ್ಲಿಸಿದರೆ ಯಾರಿಗಾದರೂ ಸೀಸೆ ತರಿಸಬೇಕೆನಿಸುತ್ತದೆ. ಆದರೆ ಒಬ್ಬನ ಕರುಳಿನಲ್ಲಿ ಕಂಡದ್ದಕ್ಕೆ ಎರಡು ಅರ್ಥ ಸಾಧ್ಯ. ಹುಳು ಬಂದದ್ದರಿಂದ ಉರಿ ಇಳಿಯಿತು ಎನ್ನಬಹುದು. ಉರಿ ತಾನಾಗಿ ಇಳಿದ ಕಾಲಕ್ಕೆ ಹುಳು ಒಳಗಿತ್ತು ಎಂದೂ ಅನ್ನಬಹುದು. ಯಾವುದು ನಿಜ ಎಂದು ಒಬ್ಬನೇ ರೋಗಿಯನ್ನು ಎಷ್ಟು ಸೂಕ್ಷ್ಮವಾಗಿ ನೋಡಿದರೂ ತಿಳಿಯುವುದಿಲ್ಲ. ಅದಕ್ಕೆ ಬೇಕಾದದ್ದು ಹೋಲಿಕೆ.

ಆ ಹೋಲಿಕೆ ನಡೆದಿದೆ. ಅದೂ ಒಂದಲ್ಲ ಎರಡಲ್ಲ.

ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಜೋಯಲ್ ವೈನ್‌ಸ್ಟಾಕ್, ಡೇವಿಡ್ ಎಲಿಯಟ್, ರಾಬರ್ಟ್ ಸಮ್ಮರ್ಸ್ ಈ ದಾರಿಯಲ್ಲಿ ಮೊದಲು ನಡೆದವರು. ಅವರು ಆರಿಸಿಕೊಂಡದ್ದು ಹಂದಿಯ ಚಾಟಿಹುಳು. ಜಾಣ ಆಯ್ಕೆ. ಹಂದಿಯ ಹುಳು ಮನುಷ್ಯನ ಕರುಳಿನಲ್ಲಿ ಹೆಚ್ಚು ದಿನ ನಿಲ್ಲುವುದಿಲ್ಲ, ಒಬ್ಬರಿಂದ ಇನ್ನೊಬ್ಬರಿಗೆ ಹರಡುವುದೂ ಇಲ್ಲ. ಎರಡು ಮೂರು ವಾರಕ್ಕೊಮ್ಮೆ ಕಣ್ಣಿಗೆ ಕಾಣದ ಮೊಟ್ಟೆಗಳನ್ನು ಪಾನೀಯದಲ್ಲಿ ಬೆರೆಸಿ ಕುಡಿದರಾಯಿತು. 2005ರಲ್ಲಿ ಪ್ರಕಟವಾದ ಅವರ ಕ್ರೋನ್ಸ್ ಅಧ್ಯಯನದಲ್ಲಿ 29 ರೋಗಿಗಳು ಮೂರು ವಾರಕ್ಕೊಮ್ಮೆ 2500 ಮೊಟ್ಟೆ ತೆಗೆದುಕೊಂಡರು. 24ನೇ ವಾರಕ್ಕೆ 23 ಜನರಿಗೆ ಗುಣ ಕಂಡಿತು, 21 ಜನರ ಕಾಯಿಲೆ ಶಮನಗೊಂಡಿತು. ಅಂದರೆ ನೂರಕ್ಕೆ 72. ಯಾವ ದುಬಾರಿ ಔಷಧವೂ ಅಷ್ಟು ಸುಲಭವಾಗಿ ಮುಟ್ಟದ ಸಂಖ್ಯೆ ಅದು. ಇವತ್ತಿಗೂ ಹುಳು ಮಾರುವವರು ಎತ್ತಿ ಹಿಡಿಯುವುದು ಇಂಥ ಸಂಖ್ಯೆಗಳನ್ನೇ.

ಆದರೆ ಆ ಅಧ್ಯಯನದಲ್ಲಿ ಎಲ್ಲರಿಗೂ ಹುಳುವನ್ನೇ ಕೊಟ್ಟಿದ್ದರು, ಎಲ್ಲರಿಗೂ ಅದು ಗೊತ್ತಿತ್ತು. ಅದೇ ತಂಡ ಅದೇ ವರ್ಷ ಕೊಲೈಟಿಸ್ ಇರುವ 54 ಜನರಲ್ಲಿ ಹುಸಿಮದ್ದಿನೊಡನೆ, ಅಂದರೆ ಮೊಟ್ಟೆಯಿಲ್ಲದ ಬರೀ ದ್ರಾವಣದೊಡನೆ, ಹೋಲಿಸಿ ನೋಡಿದಾಗ ಹುಳು ಪಡೆದ 30 ಜನರಲ್ಲಿ 13 ಮಂದಿ ಸುಧಾರಿಸಿದರು, ಹುಸಿಮದ್ದು ಪಡೆದ 24ರಲ್ಲಿ 4 ಮಂದಿ. ವ್ಯತ್ಯಾಸವಿತ್ತು. ಆದರೆ ಕಾಯಿಲೆ ಪೂರ್ತಿ ಶಮನಗೊಂಡವರ ಲೆಕ್ಕದಲ್ಲಿ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ. ಆಸೆ ಹುಟ್ಟಿಸುವ, ಆದರೆ ಇನ್ನೂ ದೊಡ್ಡದಾಗಿ ನೋಡಲೇಬೇಕಾದ ಫಲಿತಾಂಶ.

ದೊಡ್ಡದಾಗಿ ನೋಡಿದರು. ಅಮೆರಿಕದಲ್ಲಿ ಕೊರೊನಾಡೊ ಬಯೋಸೈನ್ಸಸ್ ಕಂಪನಿ 250 ಕ್ರೋನ್ಸ್ ರೋಗಿಗಳಲ್ಲಿ, ಯುರೋಪಿನಲ್ಲಿ ಡಾ. ಫಾಲ್ಕ್ ಫಾರ್ಮಾ 252 ರೋಗಿಗಳಲ್ಲಿ ಪರೀಕ್ಷೆ ನಡೆಸಿದವು. ಯಾರಿಗೆ ಮೊಟ್ಟೆ, ಯಾರಿಗೆ ಬರೀ ದ್ರಾವಣ ಎಂದು ರೋಗಿಗೂ ಗೊತ್ತಿಲ್ಲ, ವೈದ್ಯರಿಗೂ ಗೊತ್ತಿಲ್ಲ. 2013ರ ಅಕ್ಟೋಬರ್‌ನಲ್ಲಿ ಅಮೆರಿಕದ ಫಲಿತಾಂಶ ಬಂತು: ಹುಸಿಮದ್ದಿಗಿಂತ ಮೇಲಲ್ಲ. ನವೆಂಬರ್‌ನಲ್ಲಿ ಯುರೋಪಿನ ಪರೀಕ್ಷೆಯನ್ನು ಪ್ರಯೋಜನ ಕಾಣದ ಕಾರಣಕ್ಕೆ ನಿಲ್ಲಿಸಿದರು. ಅದರ ಪೂರ್ಣ ವಿವರ 2017ರಲ್ಲಿ ಹೊರಬಂತು. 12ನೇ ವಾರದಲ್ಲಿ ಕಾಯಿಲೆ ಶಮನಗೊಂಡವರು: 250 ಮೊಟ್ಟೆ ಪಡೆದವರಲ್ಲಿ ಶೇ. 38.5, 2500 ಪಡೆದವರಲ್ಲಿ ಶೇ. 35.2, 7500 ಪಡೆದವರಲ್ಲಿ ಶೇ. 47.2. ಏನೂ ಇಲ್ಲದ ದ್ರಾವಣ ಕುಡಿದವರಲ್ಲಿ ಶೇ. 42.9.

ಈ ಕೊನೆಯ ಸಂಖ್ಯೆಯ ಮುಂದೆ ಸ್ವಲ್ಪ ನಿಲ್ಲಬೇಕು. ಹುಳುವಿಲ್ಲದ ದ್ರಾವಣ ಕುಡಿದ ನೂರರಲ್ಲಿ ಸುಮಾರು 43 ಜನ ಮೂರು ತಿಂಗಳಲ್ಲಿ ಗುಣ ಕಂಡರು. ಅವರಲ್ಲಿ ಸುಳ್ಳು ಹೇಳಿದವರು ಯಾರೂ ಇಲ್ಲ, ಕಾಯಿಲೆ ನಾಟಕವೂ ಅಲ್ಲ. ಜನ ಹೊಸ ಚಿಕಿತ್ಸೆಗೆ ಸೇರುವುದು ಸಾಮಾನ್ಯವಾಗಿ ಕಾಯಿಲೆ ತುತ್ತತುದಿಯಲ್ಲಿದ್ದಾಗ; ಅಲ್ಲಿಂದ ಅದು ಇಳಿಯುವ ಸಾಧ್ಯತೆಯೇ ಹೆಚ್ಚು. ಜೊತೆಗೆ ವಾರ ವಾರ ವೈದ್ಯರು ನೋಡುತ್ತಾರೆ, ಊಟ ನಿದ್ದೆ ಸರಿಯಾಗುತ್ತದೆ, ಹಳೆಯ ಔಷಧವೂ ತಪ್ಪದೆ ಹೊಟ್ಟೆ ಸೇರುತ್ತದೆ, ಮನಸ್ಸಿಗೆ ಒಂದು ಆಸರೆ ಸಿಗುತ್ತದೆ. ಈಗ ಈ 43 ಜನ ಮನೆಯಲ್ಲಿ ತಾವೇ ಹುಳು ತರಿಸಿಕೊಂಡವರು ಎಂದು ಊಹಿಸಿ. ಒಬ್ಬೊಬ್ಬರೂ "ಹುಳು ನನ್ನ ಜೀವ ಉಳಿಸಿತು" ಎಂದು ಪೂರ್ಣ ಪ್ರಾಮಾಣಿಕವಾಗಿ ಬರೆಯುತ್ತಾರೆ. ಉಳಿದ 57 ಜನ ಸುಮ್ಮನೆ ಮುಂದಿನ ಮದ್ದು ಹುಡುಕಿಕೊಂಡು ಹೋಗುತ್ತಾರೆ. ನನ್ನ ತಮ್ಮ ಓದಿದ ಅನುಭವಗಳೆಲ್ಲ ನಿಜವೇ ಇರಬಹುದು, ಆದರೂ ಅವು ಹುಳುವಿನ ಬಗ್ಗೆ ಏನನ್ನೂ ಹೇಳದೆ ಇರಬಹುದು. ಇದನ್ನು ಅವನಿಗೆ ಬಿಡಿಸಿ ಹೇಳುವುದು ನನಗೆ ಎಲ್ಲಕ್ಕಿಂತ ಕಷ್ಟವಾಯಿತು.

ಡೆನ್ಮಾರ್ಕಿನಲ್ಲಿ ಕೊಲೈಟಿಸ್ ಇರುವ ನೂರಕ್ಕೂ ಹೆಚ್ಚು ಜನರಿಗೆ ಹಂದಿಯ ಚಾಟಿಹುಳುವಿನ ಮೊಟ್ಟೆಯನ್ನು ಹೆಚ್ಚಿನ ಪ್ರಮಾಣದಲ್ಲಿ, 24 ವಾರ ಕೊಟ್ಟು ನೋಡಿದರು. ಅಲ್ಲಿಯೂ ಅದು ಹುಸಿಮದ್ದನ್ನು ಮೀರಲಿಲ್ಲ. ಹೀಗಾಗಿ ಹಂದಿಯ ಹುಳುವಿನ ಮಟ್ಟಿಗೆ ಪ್ರಶ್ನೆಗೆ ಉತ್ತರ ಸಿಕ್ಕಂತೆ ಎಂದೇ ನನ್ನ ಅಭಿಪ್ರಾಯ. ಹಂದಿಯ ಹುಳು ಮನುಷ್ಯನಲ್ಲಿ ನೆಲೆ ನಿಲ್ಲುವುದಿಲ್ಲವಲ್ಲ, ಮನುಷ್ಯನದೇ ಹುಳುವಾಗಿದ್ದರೆ ಎಂದು ಕೇಳುವವರಿದ್ದಾರೆ. ಅದು ನ್ಯಾಯವಾದ ಪ್ರಶ್ನೆ. ನ್ಯೂಜಿಲೆಂಡಿನ ಮಲಘನ್ ಸಂಸ್ಥೆ ಕೊಲೈಟಿಸ್ ಶಮನದಲ್ಲಿರುವ 20 ಜನರಲ್ಲಿ ಮನುಷ್ಯರ ಕೊಕ್ಕೆಹುಳುವನ್ನು ಪರೀಕ್ಷಿಸಿ, ಇಂಥ ಅಧ್ಯಯನ ಸುರಕ್ಷಿತವಾಗಿ ಮಾಡಬಹುದು ಎಂಬಲ್ಲಿಗೆ 2023ರಲ್ಲಿ ಮುಟ್ಟಿತು. ಗುಣ ಮಾಡುತ್ತದೆಯೇ ಎಂದು ಹೇಳುವಷ್ಟು ದೊಡ್ಡ ಅಧ್ಯಯನ ಅದಲ್ಲ. ನಾಟಿಂಗ್‌ಹ್ಯಾಮಿನಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ಮಿದುಳು-ನರಗಳ ಕಾಯಿಲೆ ಇರುವ 71 ಜನರಿಗೆ ಕೊಕ್ಕೆಹುಳು ಕೊಟ್ಟಾಗ ನಿಯಂತ್ರಕ ಟಿ-ಕೋಶಗಳು ಹೆಚ್ಚಿದವು, ಆದರೆ ಮಿದುಳಿನ ಹೊಸ ಗಾಯಗಳ ಮುಖ್ಯ ಲೆಕ್ಕದಲ್ಲಿ ಖಚಿತ ಅಂತರ ಬರಲಿಲ್ಲ. ಗೋಧಿಯ ಗ್ಲುಟೆನ್ ಒಗ್ಗದ ಸೀಲಿಯಾಕ್ ಕಾಯಿಲೆಯವರಲ್ಲಿ ಆಸ್ಟ್ರೇಲಿಯಾದ ಜಾನ್ ಕ್ರೋಸ್ ತಂಡದ 12 ಜನರ ಪುಟ್ಟ ಅಧ್ಯಯನ ಬಹಳ ಆಸೆ ಹುಟ್ಟಿಸಿತ್ತು. 2020ರ ದೊಡ್ಡ ಅಧ್ಯಯನದಲ್ಲಿ ಹುಳು ಇದ್ದವರಿಗೂ ದಿನದ ಮಟ್ಟಿಗೆ ಗೋಧಿ ತಿನ್ನುವ ಶಕ್ತಿ ಬರಲಿಲ್ಲ. ಸೀಲಿಯಾಕ್ ಇರುವವರಿಗೆ ನಮ್ಮ ರಾಗಿ ಮುದ್ದೆ, ಜೋಳದ ರೊಟ್ಟಿ ಇವತ್ತಿಗೂ ಯಾವ ಹುಳುವಿಗಿಂತ ಖಚಿತವಾದ ಮದ್ದು.

ಮತ್ತೆ ಮತ್ತೆ ಕಾಣುವ ನಮೂನೆ ಇದು. ರಕ್ತದ ಪರೀಕ್ಷೆಯಲ್ಲಿ ಹುಳು ಏನೋ ಮಾಡುತ್ತದೆ, ರೋಗಿಯ ದಿನದ ಬದುಕಿನಲ್ಲಿ ಅದು ಸಾಕಾಗುವುದಿಲ್ಲ.

ಸ್ವಚ್ಛತಾ ಸಿದ್ಧಾಂತದ ಬಗ್ಗೆಯೂ ಒಂದು ಮಾತು. ಬಡ ದೇಶಗಳಲ್ಲಿ ಹುಳು ಹೆಚ್ಚು, ಕ್ರೋನ್ಸ್ ಕಡಿಮೆ. ಶ್ರೀಮಂತ ದೇಶಗಳಲ್ಲಿ ಇದಕ್ಕೆ ತಿರುವುಮುರುವು. ನಿಜ. ಇಂಗ್ಲೆಂಡಿನ ಲೆಸ್ಟರ್‌ಶೈರ್‌ಗೆ ವಲಸೆ ಹೋದ ಭಾರತ ಉಪಖಂಡದವರಲ್ಲಿ ಕೊಲೈಟಿಸ್ ಅಲ್ಲಿನ ಬಿಳಿಯರಿಗಿಂತಲೂ ಹೆಚ್ಚು ಕಂಡದ್ದು 1990ರ ದಶಕದಲ್ಲೇ ದಾಖಲಾಗಿದೆ. ಊರು ಬಿಟ್ಟ ನಮ್ಮವರ ಕರುಳಿನಲ್ಲಿ ಏನೋ ಬದಲಾಯಿತು ಎನ್ನುವುದು ಖಂಡಿತ. ಆದರೆ ಹಡಗು ಹತ್ತಿದಾಗ ಬಿಟ್ಟುಹೋದದ್ದು ಹುಳು ಮಾತ್ರವಲ್ಲ. ಊಟ ಬದಲಾಯಿತು, ಮಕ್ಕಳಿಗೆ ಆ್ಯಂಟಿಬಯಾಟಿಕ್ ಹೆಚ್ಚಿತು, ಬಿಸಿಲು ಕಡಿಮೆಯಾಯಿತು, ಹೆರಿಗೆ, ಎದೆಹಾಲು, ದುಡಿಮೆ, ನಿದ್ದೆ ಎಲ್ಲವೂ ಬದಲಾದವು. ಇಷ್ಟರಲ್ಲಿ ಹುಳುವನ್ನೊಂದನ್ನೇ ಆರಿಸಿ ವಾಪಸ್ ತಂದರೆ ಹಳೆಯ ಆರೋಗ್ಯ ಮರಳುತ್ತದೆ ಎಂಬುದು ದೊಡ್ಡ ಜಿಗಿತ. ಹುಳು ಕಲಿಸುವ ಪಾಠ ಇದ್ದರೂ ಅದು ಬಾಲ್ಯದಲ್ಲಿ, ಕಾವಲುಪಡೆ ರೂಪುಗೊಳ್ಳುವಾಗ ಕಲಿಯುವ ಪಾಠವಾಗಿರಬಹುದು. ಮೂವತ್ತೈದನೇ ವಯಸ್ಸಿನಲ್ಲಿ, ಹೊತ್ತಿ ಉರಿಯುತ್ತಿರುವ ಮನೆಗೆ ಮೇಷ್ಟರನ್ನು ಕರೆತಂದರೆ ಅವರು ಏನು ಮಾಡಿಯಾರು?

ಇನ್ನು ಸೀಸೆ. ಮಾರಾಟಗಾರರು ಅಂಚೆಯಲ್ಲಿ ಕಳಿಸುವುದು ನೀರಿನಂಥ ದ್ರಾವಣ, ಅದರೊಳಗೆ ಕಣ್ಣಿಗೆ ಕಾಣದ ಕೊಕ್ಕೆಹುಳುವಿನ ಮರಿಗಳು. ಒಂದು ಪಟ್ಟಿಗೆ ಸುರಿದು ತೋಳಿಗೆ ಕಟ್ಟಿಕೊಂಡರೆ ಮರಿಗಳು ಚರ್ಮ ಕೊರೆದು ಒಳಹೋಗುತ್ತವೆ. ಆ ಜಾಗದಲ್ಲಿ ದಿನಗಟ್ಟಲೆ ತುರಿಕೆ. ರಕ್ತದಲ್ಲಿ ಹರಿದು ಶ್ವಾಸಕೋಶ ಸೇರಿ, ಗಂಟಲಿಗೆ ಏರಿ, ನುಂಗಲ್ಪಟ್ಟು, ಸಣ್ಣ ಕರುಳಿಗೆ ಬಂದು ಕಚ್ಚಿ ಹಿಡಿಯುತ್ತವೆ. ಬರಿಗಾಲಿನಲ್ಲಿ ತೋಟ ಮಾಡುವವರಿಗೆ ಅಂಟುವ ಹುಳು ಹಿಡಿಯುವ ದಾರಿಯೇ ಇದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇಂಥ ಹುಳುವನ್ನು ಅನುಮೋದನೆಯಿಲ್ಲದ ಜೈವಿಕ ಔಷಧವೆಂದು ಪರಿಗಣಿಸುತ್ತದೆ. ಹೀಗಾಗಿ ವ್ಯಾಪಾರ ಬೇರೆ ದೇಶಗಳಿಗೆ ಸರಿದಿದೆ. ಸೀಸೆಯಲ್ಲಿ ಎಷ್ಟು ಮರಿ ಇವೆ, ಜೀವಂತ ಇವೆಯೇ, ಯಾರ ಮಲದಿಂದ ಬಂದವು, ಆ ದಾನಿಯ ರಕ್ತಪರೀಕ್ಷೆ ಆಗಿದೆಯೇ ಎಂದು ನೋಡುವ ಅಧಿಕಾರಿ ಯಾರೂ ಇಲ್ಲ.

ಹುಳು ಕರುಳಿಗೆ ಬಂದು ನೆಲೆಸುವ ಮೊದಲ ಕೆಲವು ವಾರಗಳಲ್ಲಿ ಹೊಟ್ಟೆನೋವು, ಭೇದಿ, ಸುಸ್ತು ಬರುವುದು ಸಾಮಾನ್ಯ. ಹುಳು ಕೆಲಸ ಮಾಡುತ್ತಿರುವ ಗುರುತು, ತಾಳಿಕೊಳ್ಳಿ ಎಂದು ಮಾರುವವರು ಹೇಳುತ್ತಾರೆ. ಕೊಲೈಟಿಸ್ ಇರುವವನಿಗೆ ಅದೇ ಹೊಟ್ಟೆನೋವು, ಅದೇ ಭೇದಿ ಕಾಯಿಲೆ ಉಲ್ಬಣಿಸುತ್ತಿರುವ ಗುರುತೂ ಹೌದು. ಎರಡನ್ನೂ ಬೇರ್ಪಡಿಸುವುದು ಮನೆಯಲ್ಲಿ ಕೂತವನಿಗೆ ಸಾಧ್ಯವಿಲ್ಲ. ತಾಳಿಕೊಂಡು ಕೂತ ಆ ವಾರಗಳಲ್ಲಿ ಕರುಳು ತೂತಾಗುವ ಮಟ್ಟಕ್ಕೂ ಹೋಗಬಹುದು. ಈಗಾಗಲೇ ರಕ್ತ ಹೋಗಿ ಹಿಮೋಗ್ಲೋಬಿನ್ ಇಳಿದವನಿಗೆ ರಕ್ತ ಹೀರುವ ಇನ್ನೊಂದು ಜೀವಿ ಸೇರಿಕೊಂಡರೆ ಏನಾಗುತ್ತದೆ ಎಂಬುದನ್ನು ಬೇರೆ ಹೇಳಬೇಕಿಲ್ಲ.

ನಮ್ಮ ದೇಶದಲ್ಲಿ ಕೂತು ಇದನ್ನು ಮಾಡಲು ಹೊರಟವರಿಗೆ ಇನ್ನೂ ಎರಡು ಅಪಾಯಗಳಿವೆ. ಇವನ್ನು ಅಮೆರಿಕದ ಲೇಖನಗಳು ಸಾಮಾನ್ಯವಾಗಿ ಎತ್ತುವುದೇ ಇಲ್ಲ.

ಒಂದು, ಸ್ಟ್ರಾಂಗಿಲಾಯ್ಡಿಸ್ ಎಂಬ ಹುಳು. ಇದರ ಮರಿ ಸೂಕ್ಷ್ಮದರ್ಶಕದಲ್ಲಿ ಕೊಕ್ಕೆಹುಳುವಿನ ಮರಿಯಂತೆಯೇ ಕಾಣುತ್ತದೆ, ಬಾಯಿಯ ನಾಳದ ಉದ್ದ, ಬಾಲದ ತುದಿಯಂಥ ಸಣ್ಣ ವ್ಯತ್ಯಾಸದಿಂದ ಪಳಗಿದ ಕಣ್ಣು ಮಾತ್ರ ಗುರುತು ಹಿಡಿಯಬಲ್ಲದು. ಚರ್ಮದ ಮೂಲಕವೇ ಅದೂ ಬರುತ್ತದೆ, ನಮ್ಮ ಮಣ್ಣಿನಲ್ಲೂ ಇದೆ. ಆದರೆ ಕೊಕ್ಕೆಹುಳುವಿಗಿಲ್ಲದ ಒಂದು ಶಕ್ತಿ ಅದಕ್ಕಿದೆ: ಮನುಷ್ಯನ ದೇಹದೊಳಗೇ ಸಂತತಿ ಬೆಳೆಸುತ್ತದೆ. ಆರೋಗ್ಯವಂತನಲ್ಲಿ ದಶಕಗಟ್ಟಲೆ ಸುಮ್ಮನೆ ಅಡಗಿರಬಲ್ಲದು. ಅಂಥವನಿಗೆ ಪ್ರೆಡ್ನಿಸಲೋನ್‌ನಂಥ ಸ್ಟೆರಾಯ್ಡ್ ಕೊಟ್ಟರೆ ಕಟ್ಟೆಯೊಡೆದಂತೆ ಹೆಚ್ಚಿ, ಕರುಳಿನ ಬ್ಯಾಕ್ಟೀರಿಯಾಗಳನ್ನೂ ಹೊತ್ತುಕೊಂಡು ಶ್ವಾಸಕೋಶ, ಮಿದುಳಿಗೆ ಹರಡುತ್ತದೆ. ಅಲ್ಲಿಗೆ ಹೋದ ಮೇಲೆ ಜೀವ ಉಳಿಯುವುದೇ ಕಷ್ಟ. ಕೊಲೈಟಿಸ್ ರೋಗಿಗಳು ಇವತ್ತಲ್ಲ ನಾಳೆ ಸ್ಟೆರಾಯ್ಡ್ ತೆಗೆದುಕೊಳ್ಳುವವರೇ. ಯಾರೋ ಊರಿನಲ್ಲಿ ಮಲದಿಂದ ಮರಿ ಬೆಳೆಸಿ ಹಂಚಿಕೊಳ್ಳುವ ಪ್ರಯೋಗದಲ್ಲಿ ಒಂದೇ ಒಂದು ತಪ್ಪು ಹುಳು ಸೇರಿದರೂ ಸಾಕು.

ಇನ್ನೊಂದು, ಕರುಳಿನ ಕ್ಷಯ. ಕ್ರೋನ್ಸ್ ಮತ್ತು ಕರುಳಿನ ಟಿಬಿ ಸ್ಕ್ಯಾನಿನಲ್ಲಿ, ಕೊಲೊನೊಸ್ಕೋಪಿಯಲ್ಲಿ, ಕೆಲವೊಮ್ಮೆ ಬಯಾಪ್ಸಿಯಲ್ಲಿಯೂ ಅವಳಿಗಳಂತೆ ಕಾಣುತ್ತವೆ. ನಮ್ಮ ಗ್ಯಾಸ್ಟ್ರೋ ವೈದ್ಯರು ಎಷ್ಟೋ ಸಲ ಮೊದಲು ಎರಡು ಮೂರು ತಿಂಗಳು ಟಿಬಿ ಔಷಧ ಕೊಟ್ಟು, ಗುಣವಾಗುತ್ತದೆಯೇ ಎಂದು ನೋಡಿಯೇ ಕ್ರೋನ್ಸ್ ಎಂದು ತೀರ್ಮಾನಿಸುವುದು ಈ ಕಾರಣಕ್ಕೆ. "ನನಗೆ ಆಟೊಇಮ್ಯೂನ್ ಕಾಯಿಲೆ" ಎಂದುಕೊಂಡು ತಾನೇ ಹುಳು ಬಿಟ್ಟುಕೊಂಡವನಿಗೆ ನಿಜಕ್ಕೂ ಇರುವುದು ಕ್ಷಯವಾಗಿದ್ದರೆ, ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಯಾವ ಸಾಹಸವೂ ಎಣ್ಣೆಗೆ ಬೆಂಕಿ ತಾಗಿಸಿದಂತೆ.

ಮನುಷ್ಯರಲ್ಲಿ ಹೆಚ್ಚಾಗಿ ಕಾಣುವ ಕೊಕ್ಕೆಹುಳುವಿನ ವೈಜ್ಞಾನಿಕ ಹೆಸರು ನೆಕೇಟರ್ ಅಮೆರಿಕಾನಸ್, ಅಂದರೆ ಅಮೆರಿಕದ ಕೊಲೆಗಾರ. 1902ರಲ್ಲಿ ಇದನ್ನು ಹೊಸ ಪ್ರಭೇದವೆಂದು ವಿವರಿಸಿದವನು ಚಾರ್ಲ್ಸ್ ಸ್ಟೈಲ್ಸ್. ಗುಲಾಮರ ಹಡಗುಗಳಲ್ಲಿ ಆಫ್ರಿಕಾದಿಂದ ಅಲ್ಲಿಗೆ ಬಂದದ್ದಿರಬೇಕು. ಅಮೆರಿಕದ ದಕ್ಷಿಣ ರಾಜ್ಯಗಳ ಮಕ್ಕಳು ಈ ಹುಳುವಿನಿಂದ ಬಿಳಿಚಿಕೊಂಡು ಪಾಠ ತಲೆಗೆ ಹತ್ತದೆ ಕೂರುತ್ತಿದ್ದ ಕಾಲದಲ್ಲಿ, 1909ರಲ್ಲಿ ಜಾನ್ ರಾಕೆಫೆಲ್ಲರ್ ಅದರ ನಿರ್ಮೂಲನೆಗೆ 10 ಲಕ್ಷ ಡಾಲರ್ ಕೊಟ್ಟ. ಶೌಚಾಲಯ ಕಟ್ಟಿಸಿದರು, ಚಪ್ಪಲಿ ಹಾಕಿಸಿದರು, ಮದ್ದು ಕುಡಿಸಿದರು. ನಮ್ಮಲ್ಲಿ ಆ ಕೆಲಸ ಇನ್ನೂ ಮುಗಿದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಜಗತ್ತಿನ ಸುಮಾರು 150 ಕೋಟಿ ಜನರ ಹೊಟ್ಟೆಯಲ್ಲಿ ಮಣ್ಣಿನಿಂದ ಅಂಟುವ ಹುಳುಗಳಿವೆ. ಅಳತೆ ಮಾಡಿದ 25 ಮರಿಗಳನ್ನು ಕಬ್ಬಿಣಾಂಶದ ಮಾತ್ರೆಯ ಜೊತೆ ಸಾಕಿಕೊಳ್ಳುವವನಿಗೂ, ಹುಳು ತುಂಬಿ ರಕ್ತಹೀನತೆಯಿಂದ ತೂಕಡಿಸುವ ಕೂಲಿಕಾರ ಹೆಂಗಸಿಗೂ ಅಂಟಿದ ಹುಳು ಒಂದೇ. ಅಂಗನವಾಡಿ ಕಾರ್ಯಕರ್ತೆ ಕೊಡುವ ಮಾತ್ರೆಯ ವಿರುದ್ಧ "ಹುಳು ಒಳ್ಳೆಯದಂತೆ" ಎಂಬ ಮಾತು ಹರಿದಾಡಿದರೆ ನನಗೆ ನಿಜವಾಗಿ ಸಂಕಟವಾಗುತ್ತದೆ.

ಹಾಗೆಂದು ಈ ವಿಜ್ಞಾನವನ್ನು ಕಸದ ಬುಟ್ಟಿಗೆ ಹಾಕಬಾರದು. ಹುಳುವನ್ನು ಬಿಟ್ಟು ಹುಳು ಸುರಿಸುವ ಪ್ರೋಟೀನನ್ನು ಬೇರ್ಪಡಿಸಿ ಔಷಧ ಮಾಡುವತ್ತ ಸಂಶೋಧನೆ ತಿರುಗಿದೆ. ಆಸ್ಟ್ರೇಲಿಯಾದ ಜೇಮ್ಸ್ ಕುಕ್ ವಿಶ್ವವಿದ್ಯಾಲಯದ ಅಲೆಕ್ಸ್ ಲೂಕಸ್ ತಂಡ ಕೊಕ್ಕೆಹುಳುವಿನ ಇಂಥ ಪ್ರೋಟೀನುಗಳ ಮೇಲೆ ವರ್ಷಗಳಿಂದ ದುಡಿಯುತ್ತಿದೆ. ಇಲಿಗಳಲ್ಲಿ ಉಬ್ಬಸವನ್ನು ತಣಿಸಿದ ಉದಾಹರಣೆಯಿದೆ. ಅಳತೆ ಗೊತ್ತಿರುವ, ರಕ್ತ ಹೀರದ, ಬೇಡವೆಂದಾಗ ನಿಲ್ಲಿಸಬಹುದಾದ ಔಷಧ. ನನಗೆ ಭರವಸೆ ಇರುವುದು ಅಲ್ಲಿ. ಆದರೆ ಅದು ನಾಳೆ ಅಂಗಡಿಗೆ ಬರುವುದಿಲ್ಲ, ನನ್ನ ತಮ್ಮನ ರಕ್ತಸ್ರಾವ ಇವತ್ತಿನದು.

ಇವತ್ತಿಗೆ ಇರುವುದೇನು? ಎಂಟು ವರ್ಷದ ಹಿಂದೆ ಅವನಿಗೆ ಹೇಳಿದ್ದಕ್ಕಿಂತ ಹೆಚ್ಚು ದಾರಿಗಳಿವೆ. ಉರಿಯೂತ ತಗ್ಗಿಸುವ ಅಡಲಿಮುಮ್ಯಾಬ್ ಚುಚ್ಚುಮದ್ದಿನ ಜಗತ್ತಿನ ಮೊದಲ ಅಗ್ಗದ ಪ್ರತಿರೂಪ 2014ರಲ್ಲಿ ಹೊರಬಂದದ್ದು ನಮ್ಮ ದೇಶದಿಂದಲೇ. ಟೋಫಾಸಿಟಿನಿಬ್ ಮಾತ್ರೆಯೂ ದೇಶೀಯ ಕಂಪನಿಗಳಿಂದ ಸಿಗುತ್ತದೆ. ಇವೂ ಅಪಾಯವಿಲ್ಲದವಲ್ಲ, ಕೊಡುವ ಮೊದಲು ಅಡಗಿರುವ ಟಿಬಿಗಾಗಿ ಹುಡುಕಲೇಬೇಕು. ಆದರೆ ಇವುಗಳ ಬಗ್ಗೆ ಅವನ ಹತ್ತಿರ ಯಾರೂ ಕೂತು ಮಾತಾಡಿರಲಿಲ್ಲ. ಟೋಕನ್ ಹಿಡಿದು ಮೂರು ಗಂಟೆ ಕಾದು, ನಾಲ್ಕು ನಿಮಿಷ ಒಳಗೆ ಕೂತು, ಹಳೆಯ ಚೀಟಿಯನ್ನೇ ಮತ್ತೆ ಬರೆಸಿಕೊಂಡು ಹೊರಬರುತ್ತಿದ್ದ. ಅವನ ಪ್ರಶ್ನೆಗಳಿಗೆ ರಾತ್ರಿ ಹನ್ನೊಂದು ಗಂಟೆಗೆ ಉತ್ತರ ಕೊಡುತ್ತಿದ್ದವರು ಹುಳು ಮಾರುವವರು ಮಾತ್ರ. ಅವರು ಒಂದೊಂದು ಪತ್ರಕ್ಕೂ ವಿವರವಾಗಿ, ಅಕ್ಕರೆಯಿಂದ ಉತ್ತರಿಸುತ್ತಿದ್ದರಂತೆ. ಆಧಾರ ಇಷ್ಟು ಸೊರಗಿದ್ದರೂ ಹುಳುವಿನ ವ್ಯಾಪಾರ ನಿಲ್ಲದಿರುವುದಕ್ಕೆ ನನಗೆ ಕಂಡ ಮುಖ್ಯ ಕಾರಣ ಅದೇ.

ಈಗಾಗಲೇ ಹುಳು ಬಿಟ್ಟುಕೊಂಡವರು ಯಾರಾದರೂ ಇದನ್ನು ಓದುತ್ತಿದ್ದರೆ: ವೈದ್ಯರಿಗೆ ಹೇಳಿ. ಬೈಗುಳ ಬಂದರೂ ಹೇಳಿ. ಸ್ಟೆರಾಯ್ಡ್ ಶುರು ಮಾಡುವ ಮುನ್ನ ಅಥವಾ ಹೆಚ್ಚಿಸುವ ಮುನ್ನ ಸ್ಟ್ರಾಂಗಿಲಾಯ್ಡಿಸ್ ಪರೀಕ್ಷೆ ಆಗಲಿ. ಹಿಮೋಗ್ಲೋಬಿನ್, ಕಬ್ಬಿಣಾಂಶ ನೋಡಿಸಿ. ಕೊಕ್ಕೆಹುಳುವನ್ನು ತೆಗೆಯುವುದು ಕಷ್ಟವಲ್ಲ, ಶಾಲೆಯಲ್ಲಿ ಮಕ್ಕಳು ಅಗಿಯುವ ಅಲ್ಬೆಂಡಜೋಲ್ ಅದಕ್ಕೂ ಮದ್ದು. ಎಷ್ಟು, ಯಾವಾಗ ಎಂದು ವೈದ್ಯರೇ ಹೇಳಲಿ. ಯಾವ ಕಾರಣಕ್ಕೂ ಇರುವ ಔಷಧವನ್ನು ಹುಳುವಿನ ನಂಬಿಕೆಯ ಮೇಲೆ ತಾವಾಗಿ ನಿಲ್ಲಿಸಬೇಡಿ.

ತಮ್ಮ ಸೀಸೆ ತರಿಸಲಿಲ್ಲ, ಇನ್ನೂ. ಮುಂದಿನ ವಾರ ಬೇರೊಬ್ಬ ಗ್ಯಾಸ್ಟ್ರೋ ವೈದ್ಯರ ಹತ್ತಿರ ಹೋಗಬೇಕು, ನಾನೂ ಜೊತೆಗೆ ಹೋಗುತ್ತೇನೆ. ಒಳಗೆ ಹೋದ ಕೂಡಲೇ ಮರೆತುಹೋಗುತ್ತದೆ ಎಂದು ಕೇಳಬೇಕಾದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದಾನೆ. ಟಿಬಿ ಪರೀಕ್ಷೆ ಯಾವಾಗ ಆಗಿತ್ತು. ಮೂರು ತಿಂಗಳಿಂದ ಸ್ಟೆರಾಯ್ಡ್ ಇಳಿಸಲು ಆಗುತ್ತಿಲ್ಲ, ಬೇರೆ ದಾರಿ ಯಾವುದು. ಚುಚ್ಚುಮದ್ದಿಗೆ ತಿಂಗಳಿಗೆ ಎಷ್ಟಾಗುತ್ತದೆ, ಯಾವುದಾದರೂ ಯೋಜನೆಯಲ್ಲಿ ಬರುತ್ತದೆಯೇ. ಮಗು ಮಾಡಿಕೊಳ್ಳಬಹುದೇ. ಅದರ ಕೆಳಗೆ, ಬರೆದು ಒಮ್ಮೆ ಹೊಡೆದುಹಾಕಿ, ಮತ್ತೆ ಬರೆದ ಸಾಲು: ಹುಳದ ವಿಷಯ ಹೇಳಿದರೆ ಬೈಯುತ್ತೀರಾ ಸಾರ್?